ನನ್ನ ಮಾತು ಪೂರ್ತಿ ಕೇಳುವವರು ಎಲ್ಲಿದ್ದಾರೆ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮದು ಗಂಗಾವತಿ ಕಡೆಯ ಹಳ್ಳಿ. ಮದುವೆಯಾಗಿ 9 ವರ್ಷ ಆಯ್ತು. ಮಗಳಿಗೆ 7 ವರ್ಷ, ಮಗನಿಗೆ 4. ನಮ್ಮ ಯಜಮಾನರು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಹೊರಗೆ ಎಲ್ಲರಿಗೂ ಬೇಕಾದವರು. ಮನೆಯಲ್ಲಿ ಮಾತ್ರ ಬೇರೆ. ಸಾರಿಗೆ ಉಪ್ಪು ಜಾಸ್ತಿಯಾದರೂ ಹೊಡೆತ, ಫೋನ್ ಎತ್ತಲು ತಡವಾದರೂ ಹೊಡೆತ. ಹೋದ ದೀಪಾವಳಿಗೆ ಕುತ್ತಿಗೆ ಹಿಸುಕಿದ್ದರು, ಆಮೇಲೆ ತಪ್ಪಾಯ್ತು ಅಂತ ಅತ್ತರು. ಗೃಹಲಕ್ಷ್ಮಿ ಹಣ ನನ್ನ ಖಾತೆಗೇ ಬರುತ್ತದೆ, ಆದರೆ ಎಟಿಎಂ ಕಾರ್ಡ್ ಅವರ ಜೇಬಿನಲ್ಲಿರುತ್ತದೆ. ನನ್ನ ಫೋನನ್ನು ದಿನಾ ರಾತ್ರಿ ತೆಗೆದು ನೋಡುತ್ತಾರೆ.

ಎರಡು ಸಲ ತವರಿಗೆ ಹೋದೆ. ಎರಡು ಸಲವೂ ಅವ್ವ ಉಡಿ ತುಂಬಿ ವಾಪಸ್ ಕಳಿಸಿದಳು. ಹಿರಿಯರು ಕೂತು ನ್ಯಾಯ ಮಾಡಿದರು. ಕೊನೆಗೆ ಯಾರೋ ಹೇಳಿದರು ಅಂತ ಒಂದು ಸಮಾಲೋಚನಾ ಕೇಂದ್ರಕ್ಕೂ ಹೋದೆ. ಅಲ್ಲಿದ್ದ ಮೇಡಂ ನಮ್ಮ ಯಜಮಾನರನ್ನೂ ಕರೆಸಿದರು. ಇಬ್ಬರನ್ನೂ ಎದುರುಬದುರು ಕೂರಿಸಿ, ‘ನೀನು ಎದುರು ಮಾತಾಡ್ತೀಯಾ?’ ಅಂತ ನನ್ನನ್ನೇ ಕೇಳಿದರು. ‘ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಮ್ಮ’ ಅಂದರು. ಮನೆ ಮಾತನ್ನು ಬೀದಿಗೆ ಹಾಕಿದೆ ಅಂತ ಅವತ್ತು ರಾತ್ರಿ ಮತ್ತೆ ಹೊಡೆದರು.

ಕೇಸು ಹಾಕುವ ಮನಸ್ಸು ನನಗಿಲ್ಲ. ಅವರು ಜೈಲಿಗೆ ಹೋಗಲಿ ಅಂತಲೂ ಇಲ್ಲ. ಯಾರಾದರೂ ಒಬ್ಬರು ನನ್ನ ಮಾತು ಪೂರ್ತಿ ಕೇಳಿದರೆ ಸಾಕು. ಅವರ ಬೈಕಿನ ಸದ್ದು ಕೇಳಿದರೆ ಹೊಟ್ಟೆಯಲ್ಲಿ ತಳಮಳ ಶುರುವಾಗುತ್ತದೆ. ನಿದ್ದೆ ಬರುವುದಿಲ್ಲ. ಸಮಾಲೋಚನೆ ಅಂದರೆ ಇಷ್ಟೇನಾ ಅಕ್ಕಾ? ಬೇರೆ ಎಲ್ಲಿಗಾದರೂ ಹೋಗಬಹುದಾ?

— ಹೆಸರು ಬೇಡ

ಉತ್ತರ: ತಂಗೀ, ನಿಮ್ಮ ಪತ್ರ ಮಗಳ ಕಾಪಿ ಪುಸ್ತಕದ ಹಾಳೆಯಲ್ಲಿ ಬಂದಿದೆ. ಹಿಂದುಗಡೆ ಪೆನ್ಸಿಲ್ಲಿನಲ್ಲಿ ಏಳರ ಮಗ್ಗಿ. ಏಳಾರಲೆ ನಲವತ್ತೆರಡಕ್ಕೆ ನಿಂತಿದೆ. ಮಗು ಬರೆಯುತ್ತಿದ್ದಾಗ ಹಾಳೆ ಹರಿದಿರಾ, ಅಥವಾ ಬೈಕಿನ ಸದ್ದು ಕೇಳಿ ಅವಳೇ ಬರೆಯುವುದನ್ನು ನಿಲ್ಲಿಸಿದಳಾ ಗೊತ್ತಿಲ್ಲ. ಆ ಹಾಳೆಯನ್ನು ಜೋಪಾನವಾಗಿ ಇಟ್ಟಿದ್ದೇನೆ. ನಿಮ್ಮ ಗುರುತು ಸಿಗಬಾರದು ಅಂತ ಪತ್ರದಲ್ಲಿ ಎರಡು ಮೂರು ಸಂಗತಿ ಬದಲಿಸಿ ಅಚ್ಚು ಹಾಕಿದ್ದೇವೆ. ಈ ಪುಟವನ್ನು ಓದಿದ ಕಡೆಯೇ ಬಿಟ್ಟುಬಿಡಿ. ಕತ್ತರಿಸಿ ಮನೆಗೆ ಒಯ್ಯಬೇಡಿ.

ಮೊದಲು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಇಲ್ಲ, ಸಮಾಲೋಚನೆ ಅಂದರೆ ಅಷ್ಟೇ ಅಲ್ಲ. ನಿಮಗೆ ಅಲ್ಲಿ ಸಿಕ್ಕಿದ್ದು ಸಮಾಲೋಚನೆಯೇ ಅಲ್ಲ. ಊರ ಕಟ್ಟೆಯ ಮೇಲೆ ಹಿರಿಯರು ಮಾಡಿದ್ದನ್ನೇ ಅವರು ಕುರ್ಚಿ ಮೇಜು ಹಾಕಿಕೊಂಡು ಮಾಡಿದ್ದಾರೆ. ಅದಕ್ಕೆ ರಾಜಿ ಅಂತಾರೆ. ರಾಜಿಯಲ್ಲಿ ಸಂಸಾರ ಉಳಿಯಿತಾ ಅಂತ ನೋಡುತ್ತಾರೆ. ಸಮಾಲೋಚನೆಯಲ್ಲಿ ನೀವು ಉಳಿದಿರಾ ಅಂತ ನೋಡಬೇಕು.

ಈ ಮಾತನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಕೊಪ್ಪಳ ಜಿಲ್ಲೆಯ ಒಂದು ತಾಲೂಕಿನಲ್ಲಿ 14 ವರ್ಷ ಸಮಾಲೋಚಕಿಯಾಗಿದ್ದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಬ್ಬ ಹೆಣ್ಣುಮಗಳು ಬಂದಳು. ಗಂಡನನ್ನು ಕರೆಸಿದೆ. ಇಬ್ಬರನ್ನೂ ನನ್ನ ಮೇಜಿನ ಮುಂದೆ ಕೂರಿಸಿದೆ. ಆತ ಅತ್ತ. ಇನ್ನು ಮುಂದೆ ಕೈ ಮಾಡುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡೆ. ಚಹಾ ತರಿಸಿ ಇಬ್ಬರಿಗೂ ಕೊಟ್ಟೆ. ಒಂದು ಸಂಸಾರ ಉಳಿಸಿದೆ ಅಂತ ಅವತ್ತು ಸಂಜೆ ಖುಷಿಯಿಂದ ಮನೆಗೆ ಹೋದೆ. ಇಪ್ಪತ್ತು ದಿನ ಆದ ಮೇಲೆ ಅವಳು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ಬಳೆ ಇದ್ದ ಕೈ ಅದು. ನನ್ನನ್ನು ಬೈಯಲಿಲ್ಲ. ‘ಅಕ್ಕಾರ, ನೀವು ಹೇಳ್ದಂಗ ಕೇಳಿದ್ನಿ’ ಅಂತ ಮಾತ್ರ ಅಂದಳು. ಆ ಒಂದು ಮಾತಿಗೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ. ಆಮೇಲೆ ಯಾವತ್ತೂ ಮೊದಲ ದಿನ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಲಿಲ್ಲ. ಹೆಣ್ಣುಮಗಳು ಬೇಡ ಅಂದರೆ ಯಾವತ್ತೂ ಕೂರಿಸಲಿಲ್ಲ.

ಅದಕ್ಕೇ ಹೇಳುತ್ತೇನೆ, ಆ ಮೇಡಂ ಎದುರು ನೀವು ಬಾಯಿ ಬಿಡದೇ ಕೂತಿರಿ ಅಂದರೆ ಅದು ನಿಮ್ಮ ತಪ್ಪಲ್ಲ. ಹೊಡೆಯುವವನು ಪಕ್ಕದಲ್ಲೇ ಕೂತಿರುವಾಗ ಯಾವ ಹೆಣ್ಣುಮಗಳೂ ಪೂರ್ತಿ ಹೇಳುವುದಿಲ್ಲ. ಹೇಳಿದ ಒಂದೊಂದು ಮಾತಿಗೂ ರಾತ್ರಿ ಲೆಕ್ಕ ಕೊಡಬೇಕು ಅಂತ ಅವಳಿಗೆ ಗೊತ್ತಿರುತ್ತದೆ.

ಇನ್ನೊಂದು ವಿಷಯ. ಕುತ್ತಿಗೆ ಹಿಸುಕಿದ್ದನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಮುಂದೆ ಹೋಗಲು ಆಗಲಿಲ್ಲ. ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತಿರುವ ಮಾತಿದು: ಒಮ್ಮೆ ಕುತ್ತಿಗೆಗೆ ಕೈ ಹಾಕಿದವನ ಮನೆಯಲ್ಲಿ ಜೀವಕ್ಕೇ ಅಪಾಯ ಇದೆ. ಅವನು ಆಮೇಲೆ ಎಷ್ಟೇ ಅತ್ತರೂ ಆ ಅಪಾಯ ಹೋಗುವುದಿಲ್ಲ. ಮತ್ತೆ ಹಾಗೆ ಮಾಡಿದರೆ, ಹೊರಗೆ ಗುರುತು ಕಾಣದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಗಂಟಲು ನೋವು, ಧ್ವನಿ ಬದಲಾಗುವುದು, ನುಂಗಲು ಕಷ್ಟ, ತಲೆ ಸುತ್ತು ಇವೆಲ್ಲ ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳಬಹುದು. ಜಾರಿ ಬಿದ್ದೆ ಅನ್ನಬೇಡಿ. ಏನಾಯಿತೋ ಅದನ್ನೇ ಡಾಕ್ಟರಿಗೆ ಹೇಳಿ, ಚೀಟಿಯಲ್ಲಿ ಬರೆಯಲಿ. ನೀವು ಯಾವ ಸಮಾಲೋಚಕರ ಹತ್ತಿರ ಹೋದರೂ ಈ ಮಾತನ್ನು ಮೊದಲು ಹೇಳಿ, ಕೊನೆಗಲ್ಲ. ಅವರು ಅದನ್ನು ಕೇಳಿಯೂ ಬರೆದುಕೊಳ್ಳದೆ ಮುಂದೆ ಹೋದರೆ ಆ ಜಾಗ ನಿಮಗಲ್ಲ.

ಈಗ ಎಲ್ಲಿಗೆ ಹೋಗಬೇಕು ಅನ್ನುವ ಮಾತು. ನಿಮಗೆ ನಾನು ಹೇಳುವುದು ಸಖಿ. ಹಿಂಸೆಗೆ ಸಿಕ್ಕ ಹೆಣ್ಣುಮಕ್ಕಳಿಗಾಗಿ ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿದ ಯೋಜನೆ ಇದು. ಎಲ್ಲರೂ ‘ಸಖಿ ಒನ್ ಸ್ಟಾಪ್ ಸೆಂಟರ್’ ಅಂತಲೇ ಕರೆಯುತ್ತಾರೆ. ಜಿಲ್ಲಾ ಕೇಂದ್ರದಲ್ಲಿರುತ್ತದೆ. ಬಹಳಷ್ಟು ಕಡೆ ಜಿಲ್ಲಾ ಆಸ್ಪತ್ರೆಯ ಆವರಣದಲ್ಲೋ ಹತ್ತಿರದಲ್ಲೋ ಇರುತ್ತದೆ. ಹಗಲೂ ರಾತ್ರಿಯೂ ತೆರೆದಿರುತ್ತದೆ. ದುಡ್ಡು ಕೇಳುವುದಿಲ್ಲ. ಆಪ್ತ ಸಮಾಲೋಚನೆ, ಚಿಕಿತ್ಸೆ, ಪೊಲೀಸರ ನೆರವು, ವಕೀಲರ ಸಲಹೆ ಎಲ್ಲ ಅಲ್ಲಿಂದಲೇ ಆಗುತ್ತದೆ. ಅವತ್ತು ಮನೆಗೆ ಹೋಗುವಂತಿಲ್ಲ ಅಂದರೆ ಇಬ್ಬರು ಮಕ್ಕಳ ಜೊತೆ ಐದು ದಿನದವರೆಗೆ ಅಲ್ಲೇ ಉಳಿಯಬಹುದು. ಅದಕ್ಕಿಂತ ಜಾಸ್ತಿ ದಿನ ಬೇಕಾದರೆ ಬೇರೆ ವಸತಿಗೆ ಕಳಿಸುವ ವ್ಯವಸ್ಥೆ ಮಾಡುತ್ತಾರೆ.

ಅಲ್ಲಿಗೆ ಹೋಗುವ ಮೊದಲು ಫೋನ್ ಮಾಡುವುದಾದರೆ 181. ಮಹಿಳಾ ಸಹಾಯವಾಣಿ ಅದು. ಯಾವ ಹೊತ್ತಿಗಾದರೂ ಮಾಡಬಹುದು, ಪುಕ್ಕಟೆ. ಕೊಪ್ಪಳದ ಸಖಿ ಎಲ್ಲಿದೆ ಅಂತ ಅವರನ್ನೇ ಕೇಳಿ. ಆದರೆ ನಿಮ್ಮ ಫೋನಿನಿಂದ ಮಾಡಬೇಡಿ. ಮಗನನ್ನು ಬಿಡಲು ಅಂಗನವಾಡಿಗೆ ಹೋಗುತ್ತೀರಲ್ಲ, ಆ ಟೀಚರ್ ಫೋನಿನಿಂದ ಮಾಡಿ. ಅಂಗನವಾಡಿಗೆ ಹೋದದ್ದಕ್ಕೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಇನ್ನೊಂದು ಅನುಕೂಲ ಇದೆ. ಅಂಗನವಾಡಿ ಟೀಚರ್ ಮೇಲಿನ ಅಧಿಕಾರಿ ಯಾರು? ತಾಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ನಮ್ಮ ರಾಜ್ಯದಲ್ಲಿ ಕೌಟುಂಬಿಕ ಹಿಂಸೆಯ ಕಾನೂನಿನ ಪ್ರಕಾರ ತಾಲೂಕಿನ ಸಂರಕ್ಷಣಾಧಿಕಾರಿಯೂ ಅವರೇ. ಅಂದರೆ ನಿಮಗೆ ಸಹಾಯ ಮಾಡಬೇಕಾದ ಸರ್ಕಾರಿ ಅಧಿಕಾರಿಯ ದಾರಿ ನಿಮ್ಮ ಮಗನ ಅಂಗನವಾಡಿಯಿಂದಲೇ ಶುರುವಾಗುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ. ಟೀಚರ್ ಮಾತು ಹೊರಗೆ ಬಿಡುವವರು ಅನ್ನಿಸಿದರೆ ಮಾತ್ರ ಬೇರೆ ಯಾರನ್ನಾದರೂ ನೋಡಿ. ಅದನ್ನು ನೀವೇ ಸರಿಯಾಗಿ ತೂಗಬಲ್ಲಿರಿ.

2000ದ ಹೊತ್ತಿನಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ ಸಾಂತ್ವನ ಕೇಂದ್ರಗಳೂ ಇವೆ. ಎಲ್ಲ ತಾಲೂಕಿನಲ್ಲೂ ಸಿಗದಿರಬಹುದು. ಕೇಳಿಕೊಂಡೇ ಹೋಗಿ.

ಹೋಗುವುದು ಹೇಗೆ? ಕಾರ್ಡ್ ಅವರ ಜೇಬಿನಲ್ಲಿದೆ, ಕೈಯಲ್ಲಿ ರೊಕ್ಕ ಇಲ್ಲ ಅಂತ ಕೂರಬೇಡಿ. ಗಂಗಾವತಿಯಿಂದ ಕೊಪ್ಪಳಕ್ಕೆ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಇಳಿದ ಮೇಲೆ ಆ ಟಿಕೆಟನ್ನು ಅಲ್ಲೇ ಹರಿದು ಬಿಸಾಕಿ. ಕುಪ್ಪಸದಲ್ಲಿ ಇಟ್ಟು ಮರೆತ ಒಂದು ಬಸ್ ಟಿಕೆಟ್‌ನಿಂದ ಹೊಡೆತ ತಿಂದವರನ್ನು ನಾನು ನೋಡಿದ್ದೇನೆ. ಶಕ್ತಿ ಯೋಜನೆ 2023ರ ಜೂನಿನಲ್ಲಿ ಬಂದಾಗ ಹೆಣ್ಣುಮಕ್ಕಳು ಸುಮ್ನೆ ದೇವಸ್ಥಾನ ಸುತ್ತುತ್ತಾರೆ ಅಂತ ಮಾತಾಡಿದವರು ಬಹಳ ಜನ. ಹುಲಿಗೆಮ್ಮನ ಗುಡಿಗೆ ಹೋಗುತ್ತೇನೆ ಅಂತ ಹೇಳಿ ಸಮಾಲೋಚನೆಗೆ ಬಂದವರು ಎಷ್ಟು ಮಂದಿ ಅಂತ ನನ್ನಂಥವರಿಗೆ ಗೊತ್ತು. ನೀವೂ ಹಾಗೇ ಹೇಳಿ ಹೋಗಿ. ತಾಯಿ ಸಿಟ್ಟು ಮಾಡಿಕೊಳ್ಳುವುದಿಲ್ಲ.

ಅಲ್ಲಿ ಮೊದಲ ದಿನ ಏನಾಗಬೇಕು ಅಂತ ಹೇಳಿಬಿಡುತ್ತೇನೆ, ಆಗ ನಿಮಗೆ ಒಳ್ಳೆಯದು ಕೆಟ್ಟದ್ದು ತಿಳಿಯುತ್ತದೆ. ನಿಮ್ಮೊಬ್ಬರನ್ನೇ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಿಸಬೇಕು. ಮಕ್ಕಳನ್ನು ಹೊರಗೆ ಯಾರಾದರೂ ಆಡಿಸುತ್ತಿರಬೇಕು. ‘ಇವತ್ತು ರಾತ್ರಿ ಮನೆಗೆ ಹೋಗಲು ಭಯ ಇದೆಯಾ?’ ಅಂತ ಕೇಳಬೇಕು. ಕೊಲ್ಲುತ್ತೇನೆ ಅಂದಿದ್ದಾನಾ, ಏನನ್ನು ಹಿಡಿದು ಹೊಡೆಯುತ್ತಾನೆ, ಮಕ್ಕಳ ಮೇಲೂ ಕೈ ಮಾಡುತ್ತಾನಾ ಅಂತ ಕೇಳಬೇಕು. ನೀವು ಅಳುವಾಗ ಸುಮ್ಮನೆ ಕೂತಿರಬೇಕು. ನಿಮ್ಮನ್ನು ಕೇಳದೆ ಗಂಡನಿಗೆ ಫೋನ್ ಮಾಡಬಾರದು. ಇದು ಬಹಳ ಮುಖ್ಯ. ಒಳಗೆ ಹೋದ ಕೂಡಲೇ ಹೇಳಿಬಿಡಿ: ‘ನಾನು ಇಲ್ಲಿಗೆ ಬಂದದ್ದು ನಮ್ಮವರಿಗೆ ಗೊತ್ತಿಲ್ಲ. ನನ್ನನ್ನು ಕೇಳದೆ ಕರೆಸಬೇಡಿ.’ ಒಂದೇ ದಿನದಲ್ಲಿ ಏನೂ ತೀರ್ಮಾನ ಮಾಡಬೇಕಾಗಿಲ್ಲ. ನನ್ನ ಹತ್ತಿರ ಆರು ತಿಂಗಳು ಬಂದು ಸುಮ್ಮನೆ ಮಾತಾಡಿ ಹೋದವರಿದ್ದಾರೆ. ಏಳನೇ ತಿಂಗಳು ಅವರೇ ಹೇಳಿದರು, ಈಗ ಏನು ಮಾಡಬೇಕು ಅಂತ ಗೊತ್ತಾಯಿತು ಅಕ್ಕಾ ಅಂತ.

ಅಲ್ಲೂ ಹೊಂದಿಕೊಂಡು ಹೋಗು ಅಂದರೆ? ಆಗ ಒಂದು ಮಾತು ಕೇಳಿ: ‘ನಾನು ಹೇಳಿದ್ದನ್ನು ಬರೆದುಕೊಳ್ಳಿ, ನನಗೊಂದು ಪ್ರತಿ ಕೊಡಿ.’ ಸಂರಕ್ಷಣಾಧಿಕಾರಿಗೆ ನೀವು ಬಾಯಿಮಾತಿನಲ್ಲಿ ಹೇಳಿದರೂ ಅವರು ಬರೆದುಕೊಂಡು, ಸಹಿ ಹಾಕಿಸಿ, ಪ್ರತಿಯನ್ನು ಪುಕ್ಕಟೆ ಕೊಡಬೇಕು. ನಿಯಮದಲ್ಲೇ ಹಾಗಿದೆ. ಬರವಣಿಗೆಗೆ ಇಳಿದ ಮಾತನ್ನು ಯಾರೂ ಸುಲಭವಾಗಿ ತಳ್ಳಿಹಾಕುವುದಿಲ್ಲ. ಆ ಪ್ರತಿಯನ್ನೂ ಮನೆಗೆ ಒಯ್ಯಬೇಡಿ, ನಂಬಿಕೆಯವರ ಹತ್ತಿರ ಇಡಿ. ಇನ್ನೊಂದು ನಿಯಮ ಕೇಳಿದರೆ ನಿಮಗೆ ಸಮಾಧಾನ ಆಗಬಹುದು. ಈ ಕಾನೂನಿನಲ್ಲಿ ಕೋರ್ಟು ಸಮಾಲೋಚನೆಗೆ ಕಳಿಸಿದಾಗ, ಹೊಡೆದವನು ‘ಇವಳು ಹೀಗೆ ಮಾಡಿದಳು, ಅದಕ್ಕೆ ಹೊಡೆದೆ’ ಅಂತ ಸಮರ್ಥನೆ ಮಾಡಿಕೊಳ್ಳಲು ಅವಕಾಶವೇ ಇಲ್ಲ. 2006ರ ನಿಯಮಗಳಲ್ಲಿ ಅದನ್ನು ಬರೆದೇ ಇಟ್ಟಿದ್ದಾರೆ. ಉಪ್ಪು ಜಾಸ್ತಿಯಾಯ್ತು ಅನ್ನುವ ಮಾತು ಆ ಕೋಣೆಯೊಳಗೆ ಬರುವಂತಿಲ್ಲ. ನೀನು ಎದುರು ಮಾತಾಡ್ತೀಯಾ ಅಂತ ನಿಮ್ಮನ್ನು ಕೇಳಿದರಲ್ಲ, ಆ ಪ್ರಶ್ನೆಯೇ ತಪ್ಪು.

ಕೇಸು ಬೇಡ ಅಂತೀರಿ. ಸರಿ. ಸಮಾಲೋಚನೆಗೆ ಹೋದ ಮಾತ್ರಕ್ಕೆ ಕೇಸು ಆಗುವುದಿಲ್ಲ. ಆದರೆ ಒಂದು ಮಾತು ತಿಳಿದಿರಲಿ. ನಮ್ಮ ಕಡೆ ಕೇಸು ಅಂದ ಕೂಡಲೇ ಜೈಲು ಅಂದುಕೊಳ್ಳುತ್ತೇವೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ ಹಾಗಿಲ್ಲ. ಹೊಡೆಯಬಾರದು ಅಂತ ಆದೇಶ, ಮನೆಯಿಂದ ಹೊರಗೆ ಹಾಕಬಾರದು ಅಂತ ಆದೇಶ, ಖರ್ಚಿಗೆ ಹಣ, ಮಕ್ಕಳು ನಿಮ್ಮ ಹತ್ತಿರ ಇರಲು ಆದೇಶ, ಇಂಥವನ್ನು ಮ್ಯಾಜಿಸ್ಟ್ರೇಟರಿಂದ ಕೇಳಬಹುದು. ಆದೇಶ ಮುರಿದರೆ ಮಾತ್ರ ಶಿಕ್ಷೆ: ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮನೆ ಅತ್ತೆಯ ಹೆಸರಿನಲ್ಲಿದೆ, ಗಂಡನ ಹೆಸರಿನಲ್ಲಿದೆ ಅಂತ ನಿಮ್ಮನ್ನು ಬೀದಿಗೆ ತಳ್ಳುವಂತಿಲ್ಲ. ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ನೋಡಬೇಕು ಅಂತ ಕಾನೂನು ಹೇಳುತ್ತದೆ. ನಿಜವಾಗಿ ಜಾಸ್ತಿಯೇ ಹಿಡಿಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಮಧ್ಯಂತರ ಆದೇಶ ಬೇಗ ಸಿಗಬಹುದು. ವಕೀಲರಿಗೆ ದುಡ್ಡು ಕೊಡಬೇಕಾಗಿಲ್ಲ. ಹೆಣ್ಣುಮಗಳು ಅನ್ನುವ ಒಂದೇ ಕಾರಣಕ್ಕೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ನಿಮಗೆ ವಕೀಲರನ್ನು ಪುಕ್ಕಟೆ ಕೊಡಬೇಕು. ತಾಲೂಕು ಕೋರ್ಟಿನಲ್ಲೇ ಅವರ ಸಮಿತಿ ಇರುತ್ತದೆ. ಫೋನ್ 15100.

ಗೃಹಲಕ್ಷ್ಮಿ ಹಣದ ಮಾತನ್ನು ನೀವು ಸಣ್ಣ ವಿಷಯದ ಹಾಗೆ ಬರೆದಿದ್ದೀರಿ. ಸಣ್ಣದಲ್ಲ. ನಿಮ್ಮ ಹಣವನ್ನು ನಿಮಗೆ ಸಿಗದ ಹಾಗೆ ಮಾಡುವುದೂ ಆ ಕಾಯ್ದೆಯಲ್ಲಿ ಹಿಂಸೆಯೇ. ಹೊಡೆತ, ಬೈಗುಳ, ಲೈಂಗಿಕ ಬಲವಂತ, ಹಣಕಾಸಿನ ಹಿಂಸೆ ಎಲ್ಲವೂ ಒಂದೇ ಸಾಲಿನಲ್ಲಿವೆ. ತಿಂಗಳಿಗೆ 2,000 ರೂಪಾಯಿ ನಿಮ್ಮ ಕೈಗೆ ಬಂದರೆ ಮಕ್ಕಳ ಹಾಲು, ಔಷಧಿ ಯಾರನ್ನೂ ಕೇಳದೆ ಆಗುತ್ತದೆ. ಆದರೆ ಬ್ಯಾಂಕಿಗೆ ಹೋಗಿ ಕಾರ್ಡ್ ಬಂದ್ ಮಾಡಿಸುವ ಕೆಲಸವನ್ನು ಇವತ್ತೇ ಮಾಡಬೇಡಿ. ಆ ದಿನ ಮನೆಯಲ್ಲಿ ಏನಾಗುತ್ತದೆ ಅಂತ ಮೊದಲು ಸಮಾಲೋಚಕರ ಜೊತೆ ಮಾತಾಡಿ. ಹಿಡಿತ ತಪ್ಪುತ್ತಿದೆ ಅಂತ ಹೊಡೆಯುವವನಿಗೆ ಗೊತ್ತಾದ ದಿನವೇ ಅಪಾಯ ಜಾಸ್ತಿ.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ಮಕ್ಕಳ ಜನನ ಪತ್ರ, ನಿಮ್ಮ ಲಗ್ನಪತ್ರಿಕೆ ಇದ್ದರೆ ಅದೂ, ಒಂದು ಜೊತೆ ಬಟ್ಟೆ. ಇವನ್ನು ಸಂಘದ ಯಾವುದಾದರೂ ನಂಬಿಕೆಯ ಹೆಣ್ಣುಮಗಳ ಮನೆಯಲ್ಲಿ ಇಡಿ. ಒಂದೇ ದಿನ ಎಲ್ಲ ಸಾಗಿಸಬೇಡಿ. ಒಂದೊಂದೇ ಇರಲಿ. ಹೊಡೆತ ಶುರುವಾದಾಗ ಅಡುಗೆಮನೆ ಕಡೆ ಓಡಬೇಡಿ. ಅಲ್ಲಿ ಈಳಿಗೆ, ಬೆಂಕಿ, ಎಣ್ಣೆ ಎಲ್ಲ ಇರುತ್ತದೆ. ಹೊರಬಾಗಿಲ ಕಡೆ ಹೋಗಿ. ಮಗಳಿಗೆ ಪಕ್ಕದ ಮನೆಗೆ ಓಡಲು ಹೇಳಿಕೊಡಿ. ಆ ಹೊತ್ತಿಗೆ ಫೋನ್ ಮಾಡಬೇಕಾದದ್ದು 112.

ನಿದ್ದೆ ಬರುವುದಿಲ್ಲ, ಹೊಟ್ಟೆಯಲ್ಲಿ ತಳಮಳ ಅಂದಿರಿ. ಅದು ನಿಮ್ಮ ಮನಸ್ಸು ದುರ್ಬಲ ಅನ್ನುವುದರ ಗುರುತಲ್ಲ. ಒಂಬತ್ತು ವರ್ಷ ಕಾವಲು ಕೂತ ಮೈ ಅದು. ಅದಕ್ಕೆ ಪ್ರತ್ಯೇಕವಾಗಿ 14416ಕ್ಕೆ ಮಾಡಿ. ಟೆಲಿ ಮಾನಸ್ ಅಂತ ಹೆಸರು, 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಕನ್ನಡದಲ್ಲೇ ಮಾತಾಡಬಹುದು, ಪುಕ್ಕಟೆ. ಸತ್ತರೆ ಸಾಕು ಅನ್ನುವ ಯೋಚನೆ ಒಮ್ಮೆಯಾದರೂ ಬಂದಿದ್ದರೆ ನಾಳೆ ಅನ್ನಬೇಡಿ, ಇವತ್ತೇ ಮಾಡಿ.

ಅವ್ವನ ವಿಷಯಕ್ಕೆ ಬರೋಣ. ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಕಳಿಸುವಾಗ ಅವಳ ಕೈ ನಡುಗಿತ್ತಾ, ನೆನಪು ಮಾಡಿಕೊಳ್ಳಿ. ತಾಯಂದಿರು ಗಟ್ಟಿಯಾಗಿ ಹೇಳುವುದೊಂದು, ಒಳಗೆ ಅನ್ನಿಸುವುದೊಂದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುವ ಗಾದೆಯನ್ನು ಅವರಿಗೆ ಬಾಯಿಪಾಠ ಮಾಡಿಸಿದ್ದಾರೆ. ಆ ಗಾದೆ ಜಗಳಕ್ಕೆ ಹೇಳಿದ್ದು, ಕುತ್ತಿಗೆ ಹಿಸುಕುವುದಕ್ಕೆ ಹೇಳಿದ್ದಲ್ಲ. ಆಗುವುದಾದರೆ ಮುಂದಿನ ಸಲ ಅವ್ವನನ್ನೇ ಸಖಿಗೆ ಕರೆದುಕೊಂಡು ಹೋಗಿ. ಸಮಾಲೋಚಕರ ಮುಂದೆ ಮಗಳ ಬೆನ್ನು ನೋಡಿ ‘ಇನ್ನ ಕಳ್ಸಂಗಿಲ್ಲ’ ಅಂದ ತಾಯಂದಿರನ್ನು ನಾನೇ ನೋಡಿದ್ದೇನೆ.

ಇದು ನನಗೊಬ್ಬಳಿಗೇ ಅಂತ ಅನ್ನಿಸುತ್ತದೆ ಅಲ್ವಾ? ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ. ಕೇಳಿದವರಿಗೆ ಬಾಯಿ ಬಿಟ್ಟು ಹೇಳಿದವರ ಲೆಕ್ಕ ಅದು. ನಿಮ್ಮ ಓಣಿಯಲ್ಲಿ ನಲ್ಲಿ ನೀರಿಗೆ ಕೊಡ ಇಟ್ಟು ನಿಂತವರಲ್ಲಿ ನಿಮ್ಮ ಹಾಗೇ ಬೈಕಿನ ಸದ್ದಿಗೆ ಕಿವಿ ಕೊಟ್ಟು ನಿಂತವರು ಇನ್ನೂ ಇದ್ದಾರೆ.

ಮತ್ತೆ ಬರೆಯಿರಿ. ಈ ಸಲ ಮಗಳ ಹಾಳೆ ಬೇಡ, ಖಾಲಿ ಅಂತರ್ದೇಶಿ ಪತ್ರ ತೆಗೆದುಕೊಳ್ಳಿ. ಅವಳ ಮಗ್ಗಿ ಅವಳಿಗೇ ಇರಲಿ.

ಪ್ರಶ್ನೆ: ಮೇಡಂ, ನನಗೆ 58 ವರ್ಷ. ಸಿಂಧನೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಗಿರಣಿ ಹಿಂದಿನ ಮನೆಯಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ಇದ್ದಾಳೆ. ವಾರಕ್ಕೆ ಎರಡು ಮೂರು ದಿನ ಹೊಡೆತದ ಸದ್ದು ಕೇಳುತ್ತದೆ. ಹೋಗಿ ಕೇಳಿದರೆ ನಿಮಗ್ಯಾಕೆ ಅಂತಾರೆ, ಆಮೇಲೆ ಅವಳಿಗೇ ಇನ್ನೂ ಜಾಸ್ತಿ ಹೊಡೆಯುತ್ತಾರೇನೋ ಅಂತ ಭಯ. ಕಿವಿ ಮುಚ್ಚಿಕೊಂಡು ಕೂರಲೂ ಆಗುವುದಿಲ್ಲ. ನಾನು ದೂರು ಕೊಟ್ಟರೆ ನನ್ನ ಮೇಲೆ ಬರುತ್ತದಾ?

— ಗಿರಣಿ ಅಮ್ಮ

ಉತ್ತರ: ಅಮ್ಮಾ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು. ಬರುವುದಿಲ್ಲ. ಹಿಂಸೆ ನಡೆಯುತ್ತಿದೆ ಅಂತ ಗೊತ್ತಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಕ್ರಮವೂ ಇಲ್ಲ ಅಂತ ಅದೇ 2005ರ ಕಾಯ್ದೆಯ 4ನೇ ಸೆಕ್ಷನ್ನು ಹೇಳುತ್ತದೆ.

ಹೊಡೆಯುತ್ತಿರುವ ಹೊತ್ತಿಗೆ ಜೀವಕ್ಕೆ ಅಪಾಯ ಅನ್ನಿಸಿದರೆ 112ಕ್ಕೆ ಮಾಡಿಬಿಡಿ, ಯೋಚನೆ ಮಾಡುತ್ತಾ ನಿಲ್ಲಬೇಡಿ. ಅಷ್ಟಿಲ್ಲ ಅನ್ನಿಸಿದರೆ ಬಾಗಿಲು ಬಡಿದು ಮೊಸರಿಗೆ ಹೆಪ್ಪು ಕೇಳಿ, ಕರೆಂಟ್ ಹೋಗಿದೆಯಾ ಅಂತ ಕೇಳಿ. ಗಂಡನಿಗೆ ಬುದ್ಧಿ ಹೇಳಲು ಹೋಗಬೇಡಿ. ಆ ಎರಡು ನಿಮಿಷ ಎತ್ತಿದ ಕೈ ಕೆಳಗೆ ಇಳಿದಿರುತ್ತದೆ, ಅಷ್ಟು ಸಾಕು.

ಆದರೆ ನಿಮ್ಮ ಹತ್ತಿರ ಇರುವ ಒಂದು ಅನುಕೂಲ ನನಗೆ 14 ವರ್ಷ ಕಚೇರಿಯಲ್ಲಿ ಕೂತರೂ ಇರಲಿಲ್ಲ. ನಿಮ್ಮ ಗಿರಣಿ! ಜೋಳದ ಡಬ್ಬಿ ಹಿಡಿದುಕೊಂಡು ಹೆಣ್ಣುಮಕ್ಕಳು ಒಬ್ಬರೇ ಬರುವ ಜಾಗ ಅದು. ಹಿಟ್ಟು ಆಗುವ ತನಕ ನಿಲ್ಲಲೇಬೇಕು. ಕಲ್ಲು ತಿರುಗುವ ಸದ್ದಿನಲ್ಲಿ ಒಂದು ಮೊಳ ಆಚೆ ನಿಂತವರಿಗೂ ಮಾತು ಕೇಳುವುದಿಲ್ಲ. ಅವಳು ಬಂದಾಗ ಅವಳ ಜೋಳವನ್ನು ಕೊನೆಗೆ ಹಾಕಿ. ಹತ್ತಿರ ಕರೆದು, ‘ಯವ್ವಾ, ರಾತ್ರಿ ಸದ್ದು ಕೇಳಿಸ್ತದ. ನಾನು ಯಾರಿಗೂ ಹೇಳಂಗಿಲ್ಲ. ನನ್ನಿಂದ ಏನಾಗಬೇಕು ಹೇಳು’ ಅಂತ ಒಂದು ಸಲ ಅನ್ನಿ. ಏನೂ ಇಲ್ಲ ಅಂತ ಅವಳು ಅಂದರೆ ಬಿಟ್ಟುಬಿಡಿ. ಮುಂದಿನ ವಾರ ಮತ್ತೆ ಬರುತ್ತಾಳಲ್ಲ. ಬಿಟ್ಟು ಬಾ ಅಂತ ಒತ್ತಾಯ ಮಾಡಬೇಡಿ. ಯಾವಾಗ ಹೊರಡಬೇಕು ಅಂತ ಅವಳಿಗೇ ಚೆನ್ನಾಗಿ ಗೊತ್ತು. 181 ಅನ್ನುವ ನಂಬರನ್ನು ಚೀಟಿಯಲ್ಲಿ ಬರೆದು ಕೊಡಬೇಡಿ, ಬಾಯಲ್ಲಿ ಹೇಳಿ. ಮೂರೇ ಅಂಕಿ, ನೆನಪಿರುತ್ತದೆ. ಫೋನ್ ಬೇಕಾದರೆ ಗಿರಣಿಯಲ್ಲಿ ನಿಂತು ನಿಮ್ಮ ಫೋನಿನಿಂದಲೇ ಮಾಡಲಿ. ಮಾಡುವಾಗ ಗಿರಣಿ ನಿಲ್ಲಿಸಿ, ನೀವು ಬಾಗಿಲಲ್ಲಿ ನಿಲ್ಲಿ.

ಅವಳು ಒಮ್ಮೆ ತವರಿಗೆ ಹೋಗಿ ಮತ್ತೆ ಅದೇ ಮನೆಗೆ ವಾಪಸ್ ಬರಬಹುದು. ಆಗ ಬೇಜಾರು ಮಾಡಿಕೊಳ್ಳಬೇಡಿ. ಬಹಳಷ್ಟು ಹೆಣ್ಣುಮಕ್ಕಳು ಒಂದೇ ಸಲಕ್ಕೆ ಹೊರಗೆ ಬರುವುದಿಲ್ಲ. ವಾಪಸ್ ಬಂದ ದಿನವೂ ಅವಳ ಜೋಳವನ್ನು ಕೊನೆಗೇ ಹಾಕಿ.

ಪ್ರಶ್ನೆ: ಅಕ್ಕ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕೆಲಸ ನನ್ನದು. ಕುಡಿದಾಗ ಹೆಂಡತಿಗೆ ಹೊಡೆದದ್ದು ನಿಜ. ಅವಳು ಮಗನನ್ನು ಕರೆದುಕೊಂಡು ಸಿರುಗುಪ್ಪದ ತವರಿಗೆ ಹೋಗಿ ಎರಡು ತಿಂಗಳಾಯ್ತು. ನನಗೆ ಪಶ್ಚಾತ್ತಾಪ ಆಗಿದೆ. ಇಬ್ಬರೂ ಸಮಾಲೋಚನೆಗೆ ಹೋದರೆ ಸರಿಹೋಗುತ್ತದೆ. ಅವಳನ್ನು ಒಪ್ಪಿಸುವುದು ಹೇಗೆ?

— ಒಬ್ಬ ಓದುಗ

ಉತ್ತರ: ತಮ್ಮಾ, ಹೊಡೆದದ್ದು ನಿಜ ಅಂತ ಬರೆದಿದ್ದೀರಿ. ಹಾಗೆ ಬರೆಯುವ ಗಂಡಸರು ಕಡಿಮೆ. ಆದರೆ ಅವಳನ್ನು ಒಪ್ಪಿಸಲು ಹೋಗಬೇಡಿ. ಸಮಾಲೋಚನೆ ಬೇಕಾಗಿರುವುದು ನಿಮಗೆ. ಒಬ್ಬರೇ ಹೋಗಿ.

ಬೇರೆ ಊರಿಗೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಜಿಲ್ಲಾ ಮಟ್ಟದಲ್ಲಿ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುವ ಕ್ರಮವನ್ನು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮೊದಲು ಮಾಡಿ ನೋಡಿದ್ದು ನಿಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಅದನ್ನು ನೋಡಿಕೊಂಡೇ 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದರು. ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಚೀಟಿ ಮಾಡಿಸಿ, ಕುಡಿತ ಬಿಡಬೇಕು ಅಂತ ನೇರವಾಗಿ ಹೇಳಿ. ದಿನಾ ಕುಡಿಯುವವರಾದರೆ ನೀವೇ ಒಮ್ಮೆಲೇ ನಿಲ್ಲಿಸಬೇಡಿ. ಕೈ ನಡುಕ, ಫಿಟ್ಸ್ ಬರಬಹುದು. ಡಾಕ್ಟರ್ ಹೇಳಿದ ಹಾಗೆ ಬಿಡಿ.

ಕುಡಿತ ಹೋದರೆ ಹೊಡೆತ ತಾನಾಗಿಯೇ ಹೋಗುತ್ತದೆ ಅಂದುಕೊಳ್ಳಬೇಡಿ. ಕುಡಿದು ಯೂನಿಟ್ಟಿನ ಮಾಲೀಕರ ಮೇಲೆ ಎಂದಾದರೂ ಕೈ ಮಾಡಿದ್ದೀರಾ? ಇಲ್ಲ ಅಲ್ವಾ? ಯಾರಿಗೆ ಹೊಡೆಯಬಹುದು, ಯಾರಿಗೆ ಹೊಡೆಯಬಾರದು ಅಂತ ಕುಡಿದಾಗಲೂ ನಿಮಗೆ ಗೊತ್ತಿತ್ತು. ಸಮಾಲೋಚಕರ ಮುಂದೆ ಕೂತಾಗ ಆ ಜಾಗದಿಂದಲೇ ಮಾತು ಶುರು ಮಾಡಿ. ಅವಳ ತಪ್ಪು ಏನಿತ್ತು ಅನ್ನುವುದರಿಂದ ಶುರು ಮಾಡಬೇಡಿ.

ಸಿರುಗುಪ್ಪಕ್ಕೆ ಹಿರಿಯರನ್ನು ಕಳಿಸಬೇಡಿ. ನೀವೂ ಹೋಗಿ ಬಾಗಿಲಲ್ಲಿ ನಿಲ್ಲಬೇಡಿ. ವಾರದ ಬಟವಾಡೆ ಆದ ದಿನ ಮಗನ ಖರ್ಚಿಗೆ ಹಣ ಕಳಿಸಿ. ಅದರ ಜೊತೆ ಯಾವ ಸಂದೇಶವೂ ಬೇಡ, ಯಾವಾಗ ಬರುತ್ತೀ ಅನ್ನುವ ಪ್ರಶ್ನೆಯೂ ಬೇಡ. ಮುಂದಿನ ವಾರವೂ ಹಾಗೇ ಕಳಿಸಿ.